ಬಡಿಸುವಾಗ ಬಿಟ್ಟುಹೋದವರು



ನಮ್ಮ ಪಾಲನಾ ಮಂಡಳಿಯಲ್ಲಿ ಮೂರು ವರ್ಷಕ್ಕೆ ಒಂದು ಯೋಜನೆ ಮಾಡುವ ಎಂದು ಮಾತು ಬಂದಾಗ ಹಿರಿಯರೊಬ್ಬರು ಕೇಳಿದರು: "ಕ್ಯಾಲೆಂಡರ್ ಉಂಟಲ್ಲ, ಇನ್ನು ಯೋಜನೆ ಎಂತಕ್ಕೆ?" ಹಲವರು ನಕ್ಕರು. ಆದರೆ ಆ ಪ್ರಶ್ನೆಯಲ್ಲಿ ಅರ್ಥ ಉಂಟು. ವರ್ಷದ ಮೊದಲಲ್ಲಿ ನಾವು ಮಾಡುವ ಪಟ್ಟಿ ನಮಗೆಲ್ಲ ಬಾಯಿಪಾಠ. ತಪಸ್ಸುಕಾಲದ ಶಿಲುಬೆ ಹಾದಿ, ಮೇ ತಿಂಗಳ ಶಿಬಿರ, ಮಳೆಗಾಲದಲ್ಲಿ ಗಿಡ ನೆಡುವುದು, ಮಕ್ಕಳು ಒಂಬತ್ತು ದಿನ ಹೂ ತಂದ ಮೇಲೆ ಬರುವ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ವಾರ್ಷಿಕ ಹಬ್ಬ, ಗೋದಲಿ ಸ್ಪರ್ಧೆ. ಯುವ ಸಂಘಟನೆಯ ಜವಾಬ್ದಾರಿ ನನಗೆ ಬಂದಾಗ ನನ್ನ ಕೈಗೆ ಸಿಕ್ಕಿದ್ದೂ ಇದೇ ಪಟ್ಟಿ. ತಾರೀಕು ಬದಲಿಸಿದರೆ ಸಾಕಿತ್ತು.

ಇವೆಲ್ಲ ಬೇಕು. ಮೊಂತಿ ಹಬ್ಬದ ತೆನೆ ಮನೆಗೆ ಬಾರದಿದ್ದರೆ ನನ್ನ ಅಜ್ಜಿಗೆ ವರ್ಷವೇ ಮುಂದೆ ಹೋಗುವುದಿಲ್ಲ. ಆದರೆ ಪಟ್ಟಿಯಲ್ಲಿರುವ ಎಲ್ಲವೂ ಚಂದದಲ್ಲಿ ನಡೆದು, ಪ್ರತಿಯೊಂದರ ಫೋಟೋವೂ ಗ್ರೂಪಿಗೆ ಬಿದ್ದು, ನಮ್ಮ ನಡುವೆಯೇ ಕೆಲವರು ಭಾನುವಾರದಿಂದ ಭಾನುವಾರಕ್ಕೆ ಬರಿಗೈಯಲ್ಲಿ ಮನೆಗೆ ಹೋಗುತ್ತಿರಬಹುದು. ಅದು ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ.

ಮೊದಲ ಸಭೆಯಲ್ಲಿ ಕಂಪೆನಿಗಳಲ್ಲಿ ಮಾಡುವ ಹಾಗೆ ಗೋಡೆಗೆ ಚಾರ್ಟ್ ಅಂಟಿಸಿ ನಾಲ್ಕು ಚೌಕ ಹಾಕಿದೆವು: ಶಕ್ತಿ, ಕೊರತೆ, ಅವಕಾಶ, ಅಪಾಯ. ಕೊರತೆಯ ಚೌಕ ಹತ್ತು ನಿಮಿಷದಲ್ಲಿ ತುಂಬಿತು. ಯುವಕರು ಬರುವುದಿಲ್ಲ. ಹಾಡುವವರಿಲ್ಲ. ಮಕ್ಕಳಿಗೆ ಭಕ್ತಿ ಕಡಿಮೆ. ಮೊಬೈಲ್. ಮೊಬೈಲ್ ಎಂದು ಮೂರು ಜನ ಬೇರೆ ಬೇರೆಯಾಗಿ ಬರೆದಿದ್ದರು; ಅವರಲ್ಲಿ ಇಬ್ಬರ ಮೊಬೈಲ್ ಸಭೆಯ ನಡುವೆಯೇ ಹೊಡೆದುಕೊಂಡಿತು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ.

"ಹಾಡುವವರಿಲ್ಲ" ಎಂಬ ಮಾತಿನಲ್ಲಿ ನಾನು ನಿಂತೆ. ಗಾಯನ ಮಂಡಳಿಯ ಪಕ್ಕದ ಬೆಂಚಿನಲ್ಲಿ ಕೂರುವುದರಿಂದ ನನಗೆ ಒಂದು ವಿಷಯ ಬಹಳ ದಿನದಿಂದ ಕಿವಿಗೆ ಬೀಳುತ್ತಿತ್ತು. ಪಲ್ಲವಿ ಬಂದಾಗ ಮಕ್ಕಳ ಸ್ವರ ಮಾಡು ಹಾರುವಷ್ಟು ಜೋರು. ಚರಣ ಶುರುವಾದ ಕೂಡಲೇ ಆ ಸ್ವರ ಹೋಗುತ್ತದೆ, ಹಿರಿಯರ ಸ್ವರ ಮಾತ್ರ ಉಳಿಯುತ್ತದೆ. ಮತ್ತೆ ಪಲ್ಲವಿ ಬಂದಾಗ ಮಕ್ಕಳು ಹಾಜರು. ಭಕ್ತಿ ಕಡಿಮೆಯಾದವರು ಪಲ್ಲವಿಗೂ ಬಾಯಿ ತೆರೆಯಬಾರದಲ್ಲ? ಪಲ್ಲವಿ ಕೇಳಿ ಕೇಳಿ ಬರುತ್ತದೆ. ಚರಣಕ್ಕೆ ಪುಸ್ತಕ ನೋಡಬೇಕು. ಪುಸ್ತಕ ಕನ್ನಡ ಲಿಪಿಯಲ್ಲಿ ಉಂಟು. ಆ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ.

ಗಡಿಯ ಈ ಕಡೆಯ ನಮಗೆ ಇದು ಹೊಸ ಸುದ್ದಿ ಅಲ್ಲ. ಆದರೂ ಗಡಿಯಾಚೆಯ ಮಿತ್ರರಿಗೆ ಒಮ್ಮೆ ಬಿಡಿಸಿ ಹೇಳುತ್ತೇನೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ನಮ್ಮ ಧರ್ಮಪ್ರಾಂತ್ಯ ಮಾತ್ರ ಮಂಗಳೂರೇ ಆಗಿ ಉಳಿಯಿತು. ರೇಷನ್ ಕಾರ್ಡ್ ಒಂದು ರಾಜ್ಯದ್ದು, ಬಿಷಪರ ಸುತ್ತೋಲೆ ಇನ್ನೊಂದು ರಾಜ್ಯದಿಂದ ಬರುವುದು. ನಮ್ಮಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ, ಕೆಲವರದ್ದು ತುಳು. ಭಾನುವಾರದ ಬಲಿಪೂಜೆ ಕೊಂಕಣಿಯಲ್ಲಿ, ತಿಂಗಳಿಗೊಮ್ಮೆ ಕನ್ನಡದಲ್ಲಿ, ಧರ್ಮೋಪದೇಶದ ತರಗತಿಗಳು ಕನ್ನಡದಲ್ಲಿ. ಮಂಗಳೂರಿನ ಕೊಂಕಣಿಯನ್ನು ಬರೆಯುವುದು ಕನ್ನಡ ಅಕ್ಷರದಲ್ಲೇ. 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆ, ಪ್ರಾರ್ಥನೆಯ ಪುಸ್ತಕ, ಹಾಡಿನ ಪುಸ್ತಕ, ವಾಚನದ ಪುಸ್ತಕ ಎಲ್ಲವೂ ಅದೇ ಅಕ್ಷರದಲ್ಲಿ. ಹಾಗಾಗಿ ನಮ್ಮ ಮಗು ಕನ್ನಡ ಅಕ್ಷರ ಕಲಿಯದಿದ್ದರೆ ಅದು ಕನ್ನಡದ ಜೊತೆಗೆ ತನ್ನ ಮನೆಮಾತಿನ ಪ್ರಾರ್ಥನೆಯನ್ನೂ ಕಾಗದದ ಮೇಲೆ ಕಳೆದುಕೊಳ್ಳುತ್ತದೆ. ನಮ್ಮ ಅಪ್ಪ ಅಮ್ಮಂದಿರು ಕನ್ನಡ ಶಾಲೆಯಲ್ಲಿ ಓದಿದವರು. ಈಗಿನ ಮಕ್ಕಳು ಹೆಚ್ಚಾಗಿ ಇಂಗ್ಲಿಷ್ ಇಲ್ಲವೇ ಮಲಯಾಳ ಮೀಡಿಯಂ. ಕೆಲಸ, ಪಿಎಸ್‌ಸಿ ಪರೀಕ್ಷೆ, ಮುಂದಿನ ಓದು ಎಂದು ಯೋಚಿಸಿದ ತಂದೆತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ.

ಎಂಟನೇ ಕ್ಲಾಸಿನ ಒಬ್ಬಳು ಹುಡುಗಿಗೆ ಒಂದು ಭಾನುವಾರ ಎರಡನೆಯ ವಾಚನ ಓದಲು ಕೊಟ್ಟಿದ್ದರು. ಅವಳು ಓದಿ ಇಳಿದ ಮೇಲೆ ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದೆ. ಅಜ್ಜಿ ಕೊಂಕಣಿಯಲ್ಲಿ ಒಂದೊಂದೇ ಮಾತು ಓದಿ ಹೇಳಿದ್ದಾರೆ, ಇವಳು ಮಲಯಾಳ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ಉಸಿರು ಎಳೆಯುವ ಕಡೆ ಕೆಂಪು ಪೆನ್ನಿನಿಂದ ಗೆರೆ. ಒಂದು ಪುಟದ ವಾಚನಕ್ಕೆ ಶನಿವಾರ ಸಂಜೆ ಪೂರ್ತಿ ಹೋಗಿದೆ. ಇವಳಿಗೆ ಭಕ್ತಿ ಕಡಿಮೆ ಎಂದು ಯಾವ ಚೌಕದಲ್ಲಿ ಬರೆಯುವುದು?

ಎರಡನೇ ಸಭೆಯಲ್ಲಿ ಸಮೀಕ್ಷೆ ಮಾಡುವ ಎಂದಾಯಿತು. ಗೂಗಲ್ ಫಾರ್ಮ್ ಮಾಡಿ ಗ್ರೂಪಿಗೆ ಹಾಕುವ, ಉಳಿದವರಿಗೆ ಪೂಜೆಯ ನಂತರ ಕಾಗದ ಹಂಚುವ ಎಂದು ಸಲಹೆ. ನಾನು ಬಿಎಸ್ಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದರಿಂದ ಈ ಕೆಲಸ ನನ್ನ ಹೆಗಲಿಗೆ ಬಿತ್ತು. ಸಂಖ್ಯಾಶಾಸ್ತ್ರದಲ್ಲಿ ಮೊದಲ ವರ್ಷದಲ್ಲೇ ಕಲಿಸುವ ಒಂದು ಪಾಠವನ್ನು ನಾನು ಅಲ್ಲಿ ಹೇಳಿದೆ: ಯಾರನ್ನು ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ಇಗರ್ಜಿಯ ಬಾಗಿಲಲ್ಲಿ ಕಾಗದ ಹಂಚಿ "ನೀವು ಪೂಜೆಗೆ ಬರುತ್ತೀರಾ?" ಎಂದು ಕೇಳಿದರೆ ನೂರಕ್ಕೆ ನೂರು ಹೌದು ಎನ್ನುತ್ತಾರೆ. ಬಾರದವನ ಕೈಗೆ ಆ ಕಾಗದ ಹೋಗುವುದೇ ಇಲ್ಲ. ವಾಟ್ಸಾಪಿನಲ್ಲೂ ಅಷ್ಟೇ, ಗ್ರೂಪ್ ಬಿಟ್ಟವನ ಕಾರಣ ಗ್ರೂಪಿನಲ್ಲಿ ಸಿಗುವುದಿಲ್ಲ.

ಕೊನೆಗೆ ಮನೆಮನೆಗೆ ಹೋಗುವುದೆಂದು ಆಯಿತು. ಇಬ್ಬಿಬ್ಬರಾಗಿ, ಒಂದೊಂದು ವಾಳೆಗೆ ಆಯಾ ಗುರಿಕಾರರ ಜೊತೆ. ಆರು ಭಾನುವಾರ ಹಿಡಿಯಿತು. ಕೇಳಿದ್ದು ಮೂರೇ ಪ್ರಶ್ನೆ: ಮನೆಯಲ್ಲಿ ಯಾರಿಗೆ ಯಾವ ಅಕ್ಷರ ಓದಲು ಬರುತ್ತದೆ, ಇಗರ್ಜಿಯಲ್ಲಿ ಅರ್ಥವಾಗದೆ ಉಳಿಯುವುದು ಯಾವುದು, ಯಾವ ಕೆಲಸಕ್ಕೆ ನಿಮ್ಮನ್ನು ಯಾರೂ ಕೇಳಿಲ್ಲ. ಮೂರನೆಯ ಪ್ರಶ್ನೆ ನಮ್ಮ ಗುರಿಕಾರರೊಬ್ಬರು ಸೇರಿಸಿದ್ದು. ನನಗೆ ಹೊಳೆದಿರಲಿಲ್ಲ, ಹೆಚ್ಚಿನ ಮಾತು ಬಂದದ್ದು ಅದರಿಂದಲೇ.

ಬೀಡಿ ಕಟ್ಟುತ್ತಾ ಕುಳಿತಿದ್ದ ಒಬ್ಬ ತಾಯಿ ಪಯ್ಯನ್ನೂರು ಕಡೆಯಿಂದ ಮದುವೆಯಾಗಿ ಬಂದವರು. ಹದಿನಾಲ್ಕು ವರ್ಷದಿಂದ ನಮ್ಮ ಇಗರ್ಜಿಗೆ ಬರುತ್ತಿದ್ದಾರೆ. ಊರಿನಲ್ಲಿ ಅವರು ಧರ್ಮೋಪದೇಶದ ಟೀಚರ್ ಆಗಿದ್ದರಂತೆ. ಇಲ್ಲಿ ಅವರನ್ನು ಹೂ ಜೋಡಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಕರೆದಿಲ್ಲ, "ಅವರಿಗೆ ಭಾಷೆ ಬರುವುದಿಲ್ಲ" ಎಂದು. ಕೊಂಕಣಿಯಲ್ಲಿ ಅವರು ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಇನ್ನೊಂದು ಮನೆಯವರು ಒಂದು ವರ್ಷದಿಂದ ಹತ್ತಿರದ ಮಲಯಾಳ ಪೂಜೆಗೆ ಹೋಗುತ್ತಿದ್ದಾರೆ. ಅಂಕಲ್ ತುಸು ಬಿಗಿಯಾಗಿಯೇ ಹೇಳಿದರು: "ನಾವು ಬಿಟ್ಟುಹೋದದ್ದಲ್ಲ ಮಾರಾಯ. ಮಕ್ಕಳಿಗೆ ಪುಸ್ತಕ ಹಿಡಿದು ಹಾಡಲು ಆಗುವ ಕಡೆ ಹೋದದ್ದು." ಕೆಂಪು ಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವ ಜಾರ್ಖಂಡಿನ ನಾಲ್ಕು ಹುಡುಗರು ಕೊನೆಯ ಕಂಬದ ಹತ್ತಿರ ನಿಂತು ಪೂಜೆ ಕೇಳಿ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವರ ಹೆಸರು ನಮ್ಮ ಯಾವ ವಾಳೆಯ ಪುಸ್ತಕದಲ್ಲೂ ಇರಲಿಲ್ಲ.

ಈ ಟಿಪ್ಪಣಿಗಳನ್ನೆಲ್ಲ ಜೋಡಿಸುವ ಹೊತ್ತಿಗೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ತೆರೆದು ಓದಿದೆ. ಡೀಕನರ ಬಗ್ಗೆ ಎಂದು ಧರ್ಮೋಪದೇಶದಲ್ಲಿ ಕಲಿತ ಭಾಗ. ಈ ಸಲ ಬೇರೆ ಕಣ್ಣಿನಲ್ಲಿ ಕಂಡಿತು. ಜೆರುಸಲೇಮಿನ ಆ ಚಿಕ್ಕ ಸಮುದಾಯದಲ್ಲಿ ಎರಡು ಭಾಷೆಯವರಿದ್ದರು, ಗ್ರೀಕ್ ಮಾತಿನವರು ಮತ್ತು ಅಲ್ಲಿಯ ಸ್ಥಳೀಯ ಯೆಹೂದ್ಯ ಮಾತಿನವರು. ದಿನವೂ ಹಂಚುವ ಆಹಾರದಲ್ಲಿ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗಾಟ ಎದ್ದಿತು. ಧರ್ಮಸಭೆಯಲ್ಲಿ ಆದ ಮೊದಲ ಆಡಳಿತದ ತಕರಾರು ಹೀಗೆ ಭಾಷೆಯ ಗೆರೆಯ ಮೇಲೆ ಬಂದದ್ದು. ಯಾರೋ ಬೇಕೆಂದೇ ಬಿಟ್ಟರು ಎಂದು ಅಲ್ಲಿ ಬರೆದಿಲ್ಲ. ಸಂಖ್ಯೆ ಬೆಳೆಯುತ್ತಿತ್ತು, ಬಡಿಸುವವರ ಕಣ್ಣು ತಮ್ಮವರ ಮೇಲೆ ಮೊದಲು ಬಿತ್ತು, ಅಷ್ಟೇ ಇರಬೇಕು.

ಪ್ರೇಷಿತರು ಮಾಡಿದ್ದನ್ನು ನೋಡಿ. ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. ತಾವೇ ಹೋಗಿ ಬಡಿಸುತ್ತೇವೆ ಎಂದೂ ಹೊರಡಲಿಲ್ಲ, ತಮ್ಮ ಕೆಲಸ ಪ್ರಾರ್ಥನೆ ಮತ್ತು ದೇವರ ವಾಕ್ಯ ಎಂದು ಸ್ಪಷ್ಟವಾಗಿ ಹೇಳಿದರು. ಎಲ್ಲರನ್ನೂ ಸೇರಿಸಿ ನೀವೇ ಏಳು ಜನರನ್ನು ಆರಿಸಿ ಎಂದರು. ಆರಿಸಿದವರ ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಗ್ರೀಕ್ ಹೆಸರಿದ್ದ ಮಾತ್ರಕ್ಕೆ ಏಳೂ ಜನ ಆ ಗುಂಪಿನವರೇ ಎಂದು ಖಡಾಖಂಡಿತ ಹೇಳಲಾಗದು, ಪ್ರೇಷಿತರಲ್ಲೂ ಒಬ್ಬ ಫಿಲಿಪ್ಪನಿದ್ದ. ಆದರೂ ಏಳಕ್ಕೆ ಏಳು ಹಾಗೆ ಬರುವುದು ಸುಮ್ಮನೆ ಆದದ್ದೆಂದು ನನಗೆ ಕಾಣುವುದಿಲ್ಲ. ಯಾರ ಎಲೆಗೆ ಊಟ ಬಿದ್ದಿರಲಿಲ್ಲವೋ ಅವರ ಕೈಗೇ ಸೌಟು ಕೊಟ್ಟರು, ಎಲ್ಲರಿಗೂ ಬಡಿಸಲು. ನಾವಾಗಿದ್ದರೆ ಎರಡೂ ಕಡೆಯಿಂದ ಮೂರು ಮೂರು ಜನ ಹಾಕಿ, ಏಳನೆಯವನಿಗಾಗಿ ಮೂರು ಸಭೆ ಮಾಡುತ್ತಿದ್ದೆವು.

ಇದನ್ನು ಹೇಳಿದ ಮೇಲೆ ಪಾಲನಾ ಮಂಡಳಿಯಲ್ಲಿ ಎಲ್ಲರೂ ತಲೆಯಾಡಿಸಿದರು ಎಂದುಕೊಳ್ಳಬೇಡಿ. ಮುಂದೆ ಇದ್ದದ್ದು ಎರಡು ವಿಷಯ. ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ನಮ್ಮ ಹಳೆಯ ಕಮಾನು ಹೋಗಿತ್ತು, ಹೊಸ ಕಮಾನು ಕಟ್ಟಬೇಕೆಂದು ಗಲ್ಫಿನಲ್ಲಿರುವ ಕೆಲವರು ಹಣ ಕೊಡಲು ಮುಂದೆ ಬಂದಿದ್ದರು. ಯೋಜನೆಯ ಮೊದಲ ಪುಟದಲ್ಲಿ ಅದು ಬರಬೇಕೆಂದು ಹಲವರ ಆಸೆ. ಮಕ್ಕಳ ಅಕ್ಷರದ ವಿಷಯ ಬಂದಾಗ ಅಭಿಪ್ರಾಯ ಮೂರು ದಾರಿಗೆ ಒಡೆಯಿತು.

ನಮ್ಮ ಹಿರಿಯ ಗುರಿಕಾರರು, ನಾನು ತುಂಬಾ ಗೌರವಿಸುವವರು, ಹೇಳಿದರು: "ಅಕ್ಷರ ಕಲಿಸುವುದು ಶಾಲೆಯ ಕೆಲಸ. ಇಗರ್ಜಿ ಶಾಲೆಯಾದರೆ ಪ್ರಾರ್ಥನೆ ಎಲ್ಲಿ ಮಾಡುವುದು?" ಇನ್ನೊಬ್ಬರು, ಹಾಡು ಪ್ರಾರ್ಥನೆಗಳನ್ನು ಮಲಯಾಳ ಅಕ್ಷರದಲ್ಲಿ ಅಚ್ಚು ಹಾಕಿಸಿ, ನಾಳೆಯಿಂದಲೇ ಮಕ್ಕಳು ಹಾಡುತ್ತಾರೆ ಎಂದರು. ಮೂರನೆಯವರು, ಹಾಗಾದರೆ ತಿಂಗಳಿಗೊಂದು ಮಲಯಾಳ ಪೂಜೆಯನ್ನೇ ಇಡಿ ಎಂದರು. ಕೂಡಲೇ ಹಿಂದಿನ ಬೆಂಚಿನಿಂದ, "ಅಲ್ಲಿಗೆ ನಮ್ಮ ಕನ್ನಡವೂ ಹೋಯಿತು, ಕೊಂಕಣಿಯೂ ಹೋಯಿತು" ಎಂದು ಸ್ವರ ಬಂತು. ಆ ಸ್ವರದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಕನ್ನಡ ಶಾಲೆಯ ಒಂದೊಂದೇ ಡಿವಿಷನ್ ಮುಚ್ಚುವುದನ್ನು ಕಂಡ ಟೀಚರ್ ಅವರು.

ನನಗೆ ಅನಿಸಿದ್ದನ್ನು ಅಲ್ಲಿ ಹೇಳಿದೆ, ಇಲ್ಲೂ ಬರೆಯುತ್ತೇನೆ. ಮಲಯಾಳ ಅಕ್ಷರದ ಪುಸ್ತಕ ಮಾತ್ರ ಸಾಕು ಎಂದರೆ ಮಕ್ಕಳು ನಾಳೆ ಹಾಡುತ್ತಾರೆ ನಿಜ, ಆದರೆ ಅಜ್ಜಿಯ ಪ್ರಾರ್ಥನೆ ಪುಸ್ತಕ, ಧರ್ಮಪ್ರಾಂತ್ಯದ ಸುತ್ತೋಲೆ, ಸ್ಮಶಾನದ ಕಲ್ಲಿನ ಮೇಲಿನ ಹೆಸರು ಅವರಿಗೆ ಎಂದೂ ಓದಲಾಗದ ಬರಹವಾಗಿ ಉಳಿಯುತ್ತದೆ. ಕನ್ನಡ ಕಲಿತ ಮೇಲೆ ಹಾಡಲಿ ಎಂದರೆ ಎರಡು ವರ್ಷ ಅವರು ಮೂಕರು. ಆ ಎರಡು ವರ್ಷದಲ್ಲಿ ಇನ್ನೆಷ್ಟು ಮನೆಯವರು ಬೇರೆ ಕಡೆ ಹೋಗುತ್ತಾರೋ. ಆದ್ದರಿಂದ ಒಂದೇ ಪುಟದಲ್ಲಿ ಎರಡೂ ಅಕ್ಷರ ಇರಲಿ, ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. ಬಾಯಿಗೆ ಬಂದ ಹಾಡನ್ನೇ ಕನ್ನಡ ಅಕ್ಷರದಲ್ಲಿ ಗುರುತಿಸಲು ಕಲಿಸುವುದು ಹೊಸ ಪಾಠ ಓದಿಸುವುದಕ್ಕಿಂತ ಸುಲಭ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಗೆ ಜನರ ಭಾಷೆಯನ್ನು ಬಳಸಲು ಬಾಗಿಲು ತೆರೆದದ್ದು ಜನ ಅರ್ಥಮಾಡಿಕೊಂಡು ಪಾಲುಗೊಳ್ಳಲಿ ಎಂದು. ನನ್ನ ಅಜ್ಜಿ ಚಿಕ್ಕವಳಿದ್ದಾಗ ಲ್ಯಾಟಿನಿನಲ್ಲಿ ಉತ್ತರ ಹೇಳುತ್ತಿದ್ದಳು, ಅರ್ಥ ಗೊತ್ತಿಲ್ಲದೆ. ಮೊಮ್ಮಕ್ಕಳನ್ನು ಮತ್ತೆ ಅಲ್ಲಿಗೇ ನಿಲ್ಲಿಸುವುದು ನನಗೆ ಒಪ್ಪುವುದಿಲ್ಲ.

ಇಲ್ಲಿ ಕೆಲವು ಯುವಕರು ಕೇಳುತ್ತಾರೆ, ನಾವು ಎಷ್ಟು ಹೇಳಿದರೂ ಕೊನೆಗೆ ಫಾದರ್ ಹೇಳಿದ್ದೇ ಅಲ್ಲವಾ ಎಂದು. ಅದಕ್ಕೆ ನಿಯಮ ಏನೆಂದು ತಿಳಿದಿರುವುದು ಒಳ್ಳೆಯದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 536ನೇ ವಿಧಿಯ ಪ್ರಕಾರ ಪಾಲನಾ ಮಂಡಳಿಗೆ ಧರ್ಮಗುರುಗಳೇ ಅಧ್ಯಕ್ಷರು, ಮಂಡಳಿಯದ್ದು ಸಲಹೆಯ ಮತ ಮಾತ್ರ. ಅದೇ ಸಂಹಿತೆಯ 212ನೇ ವಿಧಿ, ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗೆ ಉಂಟು ಎನ್ನುತ್ತದೆ. 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಮುಗಿದ ಸಿನೊಡ್ ಇಂಥ ಮಂಡಳಿಗಳನ್ನು ಕಡ್ಡಾಯ ಮಾಡಬೇಕೆಂದು ಕೇಳಿದೆ. ಹಾಗಾದರೆ ಸಲಹೆ ಎಂಬುದು ಸಣ್ಣ ವಿಷಯವಲ್ಲ, ಆದರೆ ಅದರ ಹಿಂದೆ ಕೆಲಸ ಇರಬೇಕು. ಬರಿಗೈಯಲ್ಲಿ ಹೋಗಿ "ಫಾದರ್, ಯುವಕರಿಗೆ ಏನಾದರೂ ಮಾಡಿ" ಎಂದರೆ ಅವರು ಕ್ರಿಕೆಟ್ ಟೂರ್ನಮೆಂಟ್ ಮಾಡುತ್ತಾರೆ. ಆರು ಭಾನುವಾರದ ಟಿಪ್ಪಣಿ ಮೇಜಿನ ಮೇಲಿಟ್ಟಾಗ ನಮ್ಮ ಫಾದರ್ ಅದನ್ನು ಎರಡು ದಿನ ಇಟ್ಟುಕೊಂಡು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆದು ಕಳಿಸಿದರು.

ಇನ್ನೊಂದು ಸತ್ಯ, ಫಾದರ್ ವರ್ಗವಾಗುತ್ತಾರೆ. ಫಾದರ್ ಒಬ್ಬರದ್ದೇ ಆದ ಯೋಜನೆ ಅವರ ಪೆಟ್ಟಿಗೆಯ ಜೊತೆಗೇ ಜೀಪು ಹತ್ತುತ್ತದೆ. ಉಳಿಯುವುದು ವಾಳೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದ ದಿನಗಳು ನೆನಪಿದೆಯಲ್ಲ? ಆಗ ಯಾರ ಮನೆಯಲ್ಲಿ ಡಯಾಲಿಸಿಸ್, ಯಾರಿಗೆ ಯಾವ ಮಾತ್ರೆ ಮುಗಿದಿದೆ, ಯಾರು ಒಬ್ಬರೇ ಇದ್ದಾರೆ ಎಂಬುದು ಗೊತ್ತಿದ್ದದ್ದು ಗುರಿಕಾರರಿಗೆ, ಅವರ ಇನ್ನೂರು ಪೇಜಿನ ಪುಸ್ತಕದಲ್ಲಿ. ಯಾವ ಚಾರ್ಟೂ ಇಲ್ಲದೆ ಅದು ನಡೆಯಿತು. ನೆಹೆಮೀಯ ಜೆರುಸಲೇಮಿನ ಗೋಡೆ ಕಟ್ಟಿಸಿದ್ದೂ ಹೀಗೆಯೇ. ಯಾರಿಗೂ ಹೇಳದೆ ರಾತ್ರಿ ಹೋಗಿ ಬಿದ್ದ ಗೋಡೆಯನ್ನು ಮೊದಲು ಕಣ್ಣಾರೆ ನೋಡಿದ, ಆಮೇಲೆ ಮಾತಾಡಿದ. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು, 52 ದಿನದಲ್ಲಿ ಮುಗಿಯಿತು. ಅಕ್ಕಸಾಲಿಗರು, ಸುಗಂಧ ಮಾಡುವವರು, ಒಬ್ಬನ ಹೆಣ್ಣುಮಕ್ಕಳು ಕೂಡ ಕಲ್ಲು ಹೊತ್ತರು. ತೆಕೋವ ಊರಿನ ಗಣ್ಯರು ಮಾತ್ರ ಹೆಗಲು ಕೊಡಲಿಲ್ಲ ಎಂದು ಬೈಬಲಿನಲ್ಲೇ ದಾಖಲಾಗಿದೆ. ಕಮಿಟಿಯಲ್ಲಿ ಹೆಸರು ಮಾತ್ರ ಹಾಕಿಸಿಕೊಳ್ಳುವವರು ಆ ವಚನವನ್ನು ಒಮ್ಮೆ ಓದಲಿ.

ಕೊನೆಗೆ ಆದದ್ದು ಇಷ್ಟು. ಕಮಾನು ಕೈಬಿಟ್ಟಿಲ್ಲ, ಕೊಟ್ಟವರ ಹಣವನ್ನು ಬೇರೆಯದಕ್ಕೆ ಹಾಕುವ ಹಾಗೂ ಇಲ್ಲ. ಅದು ಎರಡನೇ ವರ್ಷಕ್ಕೆ ಹೋಯಿತು. ಎರಡು ಅಕ್ಷರದ ಪುಸ್ತಕಕ್ಕೆ ಒಪ್ಪಿಗೆ ಸಿಕ್ಕಿತು, ಅದರ ಅಚ್ಚಿನ ಖರ್ಚು ಕಮಾನಿನ ಒಂದು ಕಂಬಕ್ಕಿಂತ ಕಡಿಮೆ. ಭಾನುವಾರ ಧರ್ಮೋಪದೇಶದ ಕೊನೆಯ ಇಪ್ಪತ್ತೈದು ನಿಮಿಷ ಅಕ್ಷರಕ್ಕೆ. ಮಲಯಾಳ ಪೂಜೆಯ ವಿಷಯ ತೀರ್ಮಾನವಾಗಿಲ್ಲ, ಮುಂದೆ ನೋಡುವ ಎಂದಿದೆ. ಹಿರಿಯ ಗುರಿಕಾರರಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, ಆದರೆ ಅವರ ವಾಳೆಯ ಮಕ್ಕಳ ಪಟ್ಟಿ ಮೊದಲು ಕೊಟ್ಟವರು ಅವರೇ. ಕೋರೆಯ ಹುಡುಗರಲ್ಲಿ ಒಬ್ಬ ಕ್ರಿಸ್ಮಸ್‌ಗೆ ಹಿಂದಿಯಲ್ಲಿ ಒಂದು ಹಾಡು ಹಾಡುತ್ತಾನೆ. ಅದಕ್ಕಿಂತ ಹೆಚ್ಚು ಅವರಿಗಾಗಿ ಏನು ಮಾಡಬಹುದೆಂದು ನಮ್ಮಲ್ಲಿ ಇನ್ನೂ ಚರ್ಚೆಯೇ ಆಗಿಲ್ಲ, ಅದು ಆಗಬೇಕು.

ಈ ಕೆಲಸವನ್ನು ಐದು ಜನರ ಕೈಗೆ ಕೊಟ್ಟಿದ್ದಾರೆ, ಅವರಲ್ಲಿ ಪಾಲನಾ ಮಂಡಳಿಯವರು ಯಾರೂ ಇಲ್ಲ. ಪಯ್ಯನ್ನೂರಿನ ಆ ತಾಯಿ ಮುಂದಾಳು. ಶಾಲೆ ಮುಚ್ಚುವುದನ್ನು ಕಂಡ ಕನ್ನಡ ಟೀಚರ್ ಒಬ್ಬರು. ಪ್ಲಸ್ ಟು ಓದುವ ಇಬ್ಬರು, ಎರಡೂ ಅಕ್ಷರ ಬರುವವರು. ಐದನೆಯ ಹೆಸರು, ಬೇರೆ ಕಡೆ ಪೂಜೆಗೆ ಹೋಗುವ ಆ ಅಂಕಲ್‌ದು. ಕೇಳಲು ಫಾದರ್ ಖುದ್ದಾಗಿ ಹೋಗಿದ್ದರು. ಅವರು ಹೌದೆಂದೂ ಹೇಳಿಲ್ಲ, ಇಲ್ಲವೆಂದೂ ಹೇಳಿಲ್ಲ. ಚಾ ಕೊಟ್ಟು, "ನೋಡುವ ಫಾದರ್" ಎಂದಿದ್ದಾರಂತೆ.

ಆಗಮನಕಾಲದ ಮೊದಲ ಭಾನುವಾರ ಐದು ಜನರೂ ಮಂಡಳಿಗೆ ಮೊದಲ ವರದಿ ಕೊಡಬೇಕು. ಅಷ್ಟರೊಳಗೆ ಮೂವತ್ತು ಹಾಡು ಎರಡೂ ಅಕ್ಷರದಲ್ಲಿ ಟೈಪ್ ಆಗಬೇಕು, ಈಗ ಹನ್ನೊಂದು ಆಗಿದೆ. ಮಲಯಾಳ ಟೈಪಿಂಗ್ ಬರುವವರು, ಕರಡು ತಿದ್ದಲು ಸಮಯ ಇರುವವರು ನಿಮ್ಮ ವಾಳೆಯ ಗುರಿಕಾರರ ಹತ್ತಿರ ಹೆಸರು ಕೊಡಿ. ಶನಿವಾರ ಸಂಜೆ ಐದಕ್ಕೆ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕೂರುತ್ತೇವೆ. ಲ್ಯಾಪ್‌ಟಾಪ್ ಇದ್ದವರು ಚಾರ್ಜರ್ ಸಮೇತ ತನ್ನಿ, ಅಲ್ಲಿ ಪ್ಲಗ್ ಒಂದೇ ಇರುವುದು.